ಹಲ್ಲಿನ ಕಿಂಡಿ

ಗ್ಯುಮ್ರಿಯ ಕರಿಗಲ್ಲಿನ ಬೀದಿ, ಗಡಿಯಾರದಂಗಡಿಯ ಮೇಲಿನ ಮಾಳಿಗೆ,
ಬಡಗಣಕ್ಕೊಂದು ಕಿಟಕಿ. ಅಷ್ಟೇ ನನ್ನ ಬಂಡವಾಳ.
ದೀಪ ಬೇಡ, ಸೆರೊಬ್. ಆ ಛತ್ರಿಗಳನ್ನೆಲ್ಲ ಮಡಚಿಡು.
ಮಗುವನ್ನು ಕಿಟಕಿಯಿಂದ ಎರಡು ಮೊಳ ಈಚೆ ಕೂರಿಸು,
ಒಂದು ಕೆನ್ನೆ ಬೆಳಗಲಿ,
ಇನ್ನೊಂದು ತನ್ನ ಪಾಡಿಗೆ ನೆರಳಲ್ಲಿರಲಿ.
ಮುಖಕ್ಕೂ ರೊಟ್ಟಿಯ ಹಾಗೆ ಎರಡು ಮಗ್ಗುಲು,
ಒಂದು ಸದಾ ಹೆಚ್ಚು ಬೆಂದಿರುತ್ತದೆ.

ನಗು ಅನ್ನಬೇಡ.
ಅಂದ ಕೂಡಲೇ ಮಕ್ಕಳು ಹಲ್ಲು ಕಿರಿಯುತ್ತವೆ,
ಸಂತೆಯಲ್ಲಿ ಮಾರಾಟಕ್ಕೆ ನಿಂತ ಕುದುರೆಯಂತೆ.
ಅಜ್ಜನನ್ನು ಕೇಳು: ಶಾಲೆಯಲ್ಲಿ ಎಷ್ಟು ಏಟು ತಿಂದಿರಿ?
ಅಜ್ಜ ಸುಳ್ಳು ಹೇಳುತ್ತಾನೆ, ಅಜ್ಜಿ ಲೆಕ್ಕ ತಿದ್ದುತ್ತಾಳೆ,
ಮಗು ತಿರುಗಿ ನೋಡುತ್ತದೆ.
ಆಗ.

ಮಂಡಿಯೂರು. ನಿಂತು ತೆಗೆದರೆ ಸಿಗುವುದು
ಬರೀ ನೆತ್ತಿ, ಬೈತಲೆ,
ಬಾವಿಗೆ ಇಣುಕಿದಾಗ ಕಾಣುವಷ್ಟು ಮುಖ.
ಇಪ್ಪತ್ತು ವರ್ಷ ನಾನು ನಿಂತೇ ತೆಗೆದೆ, ಹೇಳುವವರಿರಲಿಲ್ಲ.
ಈಗ ಹೇಳುವವನಾಗಿದ್ದೇನೆ, ಮಂಡಿ ಕೈಕೊಟ್ಟಿವೆ.

ಅರುಸ್ಯಾಕ್ ಬಂದಿದ್ದು ಒಂದು ಮಾರ್ಚ್ ತಿಂಗಳಲ್ಲಿ,
ಅಂಗಳದ ಹಿಮ ಇನ್ನೂ ಕೆಸರಾಗುವ ಮನಸ್ಸು ಮಾಡಿರಲಿಲ್ಲ.
ಗಂಡ ಹ್ಮಾಯಾಕ್, ಬಸ್ಸಿನ ಡ್ರೈವರ್, ಟೈಗೆ ಸಿಕ್ಕಿ ಕೆಂಪೇರಿದ್ದ.
ನಡುವೆ ಶೋಘಿಕ್. ಆರು ವರ್ಷ. ಬಿಗಿದ ಜಡೆ, ಬಿಗಿದ ತುಟಿ.
ಅರ್ಧ ಗಂಟೆ ಮೂವರೂ ಕಲ್ಲು.
ಸೋತು, ಆಯ್ತು ಏಳಿ ಅಂದೆ.
ಹ್ಮಾಯಾಕ್ ಟೈ ಸಡಿಲಿಸಿದ,
ತಿರುವಿನಲ್ಲಿ ಹಾರ್ನ್ ಒತ್ತಿದಂತೆ ಸೀನಿದ,
ಹುಡುಗಿ ಅಷ್ಟಗಲ ಬಾಯಿ ತೆರೆದು ನಕ್ಕಳು.
ಮೇಲ್ಸಾಲಿನ ನಡುವೆ ಒಂದು ಹಲ್ಲಿಲ್ಲ.
ಆಯ್ತು ಅಂದ ಮೇಲೂ ಕ್ಯಾಮೆರಾ ಮುಚ್ಚಬೇಡ, ಸೆರೊಬ್,
ಇದನ್ನು ಬರೆದುಕೊ.

ತಾಯಿ ನೋಡಿ ಮುಖ ಸಿಂಡರಿಸಿದಳು:
ಇದು ಗೋಡೆಗೆ ಹಾಕುವುದು, ಆ ಕಿಂಡಿ ಮುಚ್ಚಿಕೊಡಿ.
ಕಾಸು ಅವಳದು.
ನೆಗೆಟಿವನ್ನು ಕಿಟಕಿಗೆ ಹಿಡಿದು
ಸೂಜಿಯಂತೆ ಹೆರೆದ ಪೆನ್ಸಿಲ್ಲಿನಲ್ಲಿ, ಉಸಿರು ಕಟ್ಟಿ,
ಸಾಸಿವೆಗಿಂತ ಚಿಕ್ಕ ಜಾಗಕ್ಕೆ ಕಪ್ಪು ತುಂಬಿದೆ.
ಅಲ್ಲಿಯ ಕಪ್ಪು ಕಾಗದದಲ್ಲಿ ಬಿಳಿ.
ಹಲ್ಲು ಹುಟ್ಟಿತು.
ಅವತ್ತು ಸಂಜೆ ಗಡಿಯಾರದವನಿಗೂ ತೋರಿಸಿ ಬೀಗಿದೆ.

ಮೊನ್ನೆ ಬಂದಳು ಅರುಸ್ಯಾಕ್. ತಲೆ ನರೆತಿದೆ.
ಕಂಕುಳಲ್ಲಿ ಅದೇ ಚೌಕಟ್ಟು,
ಬೆನ್ನ ಹಿಂದೆ ಶೋಘಿಕಳ ಮಗಳು, ಬಾಯಿಗೆ ಅಂಗೈ ಅಡ್ಡ.
ಇವಳಿಗೆ ಹಲ್ಲು ಬಿದ್ದಿದೆ, ಮೂರು ದಿನದಿಂದ ಮಾತಿಲ್ಲ.
ನಿಮ್ಮಮ್ಮನಿಗೂ ಬಿದ್ದಿತ್ತು ಕಣೇ ಅಂದರೆ
ಗೋಡೆಗೆ ಬೆರಳು ತೋರಿಸುತ್ತಾಳೆ.
ಮೊಮ್ಮಗಳ ಕಣ್ಣಲ್ಲಿ ನಾನು ಸುಳ್ಳುಗಾತಿ.
ಕೊಡಿ ನನ್ನ ಕಿಂಡಿ.

ಅಟ್ಟ ಹತ್ತಿ, ಬಿಸ್ಕತ್ತಿನ ಡಬ್ಬಿಗಳನ್ನು ಒಂದೊಂದೇ ತೆರೆದು
ಮಧ್ಯಾಹ್ನದ ಹೊತ್ತಿಗೆ ಹುಡುಕಿದೆ.
ಹತ್ತಿಯುಂಡೆಗೆ ಎರಡು ಹನಿ ಟರ್ಪೆಂಟೈನ್, ಒಂದೇ ಒರೆತ.
ಇಡೀ ರಾತ್ರಿ ಕೂತು ಕಟ್ಟಿದ ಹಲ್ಲು
ಉಗುರಿನ ಕೊಳೆಯಷ್ಟಾಗಿ ಹತ್ತಿಗಂಟಿತು.

ಕೆಂಪು ದೀಪದಡಿ, ಸ್ಟೂಲಿನ ಮೇಲೆ ನಿಲ್ಲಿಸಿದೆ ಮಗುವನ್ನು.
ತಟ್ಟೆಯ ನೀರಲ್ಲಿ ಮೊದಲು ಜಡೆ ತೇಲಿತು,
ಆಮೇಲೆ ಅಪ್ಪನ ಸೀನು, ಅಮ್ಮನ ಗಾಬರಿ,
ಆಮೇಲೆ ಆ ಬಾಯಿ.
ಮಗು ಉಸಿರೆತ್ತಲಿಲ್ಲ.
ಅಂಗೈ ಕೆಳಗಿಳಿಯಿತು,
ನಾಲಿಗೆ ಮೆಲ್ಲಗೆ ತನ್ನ ಕಿಂಡಿಯನ್ನು ತಡವಿ ನೋಡಿತು.

ಬಾ, ನಿನ್ನದೂ ತೆಗೆಯೋಣ ಅಂದು
ಕಿಟಕಿಯೆದುರು ಮಂಡಿಯೂರಿದೆ.
ಎಲುಬು ಟಕ್ಕೆಂದಿತು, ಥೇಟ್ ಶಟರಿನ ಸದ್ದು.
ಆ ಸದ್ದಿಗೆ ನಕ್ಕಳಲ್ಲ ಹುಡುಗಿ,
ಇಡೀ ಮಾಳಿಗೆ ಕೇಳುವಂತೆ, ಕಿಂಡಿ ತೆರೆದು!
ನನ್ನ ಬೆರಳು ಗುಂಡಿಯ ಮೇಲಿರಲಿಲ್ಲ.
ಎರಡೂ ಕೈ ನೆಲಕ್ಕೂರಿದ್ದೆ.

ಆ ಚಿತ್ರ ಇಲ್ಲ, ಸೆರೊಬ್.
ಆಮೇಲಿನದು ಇದೆ, ಅಲ್ಲಿ ಒಣಗುತ್ತಿದೆ ನೋಡು.
ಪರವಾಗಿಲ್ಲ. ಕಣ್ಣು ಸ್ಪಷ್ಟ.
ಬೆಳಕೂ ಸರಿಯಾಗಿದೆ.