ಮೂರನೇ ಗುಂಡಿ

ಮೊದಲ ಹೇಳಿಬಿಡ್ತೀನ್ರಿ, ಇದು ಕಾರಿನ ಅಲಾರ್ಮು.
ಹನ್ನೆರಡು ವೋಲ್ಟಿನ ಕೂಸು.
ನಿಮ್ಮ ಲಾರಿ ಇಪ್ಪತ್ನಾಕು.
ಒಂದ ಬ್ಯಾಟರಿಯಿಂದ ಎಳದ್ರ ನಡೀತದ, ಖರೆ.
ಜೋಡೆತ್ತಿನಾಗ ಒಂದರ ಹೆಗಲಿಗಷ್ಟ ನೊಗ ಹೊರಿಸ್ದಂಗ:
ಆರು ತಿಂಗಳಿಗೆ ಅದು ಮಲಗ್ತದ, ಅದರ ಹಿಂದ ಇನ್ನೊಂದು.
ಕನ್ವರ್ಟರ್ ಹಾಕೋಣು. ರೊಕ್ಕ ಜರಾ ಹೆಚ್ಚಾಗ್ತದ.

ರಾಚಯ್ಯ ನನ್ನ ತುಟಿ ನೋಡ್ಕೋತ ನಿಂತಿದ್ದ.
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಗತ್ತಿನ ಮನಷ್ಯಾ, ಅಂದ್ಕೊಂಡು
ಡ್ಯಾಶ್‌ಬೋರ್ಡ್ ಬಿಚ್ಚಿದೆ.

ಹುಮನಾಬಾದ್ ರಿಂಗ್ ರೋಡಿನ ಮೇ ತಿಂಗಳು.
ಸ್ಪ್ಯಾನರು ಮುಟ್ಟಬೇಕಾದ್ರ ಅರಿವಿ ಬೇಕು.
ಒಳಗ ವಾಡಿ ಸಿಮೆಂಟಿನ ಧೂಳು,
ಯಾವನೋ ಹಳೇ ಮಾಸ್ತರ ಸುತ್ತಿದ ಟೇಪು
ಬೆಲ್ಲದ ಪಾಕಾಗಿ ವೈರಿಗೆಲ್ಲ ಹತ್ತಿತ್ತು.

ಒಂದನೇ ಗುಂಡಿ ಬಾಗಲ ಹಾಕ್ತದ.
ಎರಡನೇದು ತೆಗೀತದ.
ಮೂರನೇದು ಕಾರಿನ ಡಿಕ್ಕಿಗಂತ ಕೊಟ್ಟಿರ್ತಾರ.
ಲಾರಿಗೆಲ್ಲಿ ಡಿಕ್ಕಿ?
ಏನ್ ಜೋಡಿಸ್ಲಿ, ಫೋಕಸ್ ಲೈಟಾ, ಫ್ಯಾನಾ, ಹಾಡಿನ ಹಾರ್ನಾ?

ಆತ ಚೀಲದಿಂದ ಒಂದು ಹಳೀ ವೈಪರ್ ಮೋಟರು ತೆಗೆದ.
ಕ್ಯಾಬಿನ್ನಿನಾಗ ಮಲಗೂ ಹಲಗಿ ತೋರಿಸಿದ.
"ಇದರ ಕೆಳಗ!" ಅಂದ,
ಬಾಜೂ ಪಂಕ್ಚರ್ ಅಂಗಡಿಯವ್ರು ಹೊರಳಿ ನೋಡೂವಷ್ಟು ಜೋರಾಗಿ.

ನಾನು ನಕ್ಕೆ. ನಗಬಾರದಿತ್ತು.

ಟೈರಿನ ಮ್ಯಾಲ ಕುಂತಿದ್ದ ಹುಡುಗ, ಅಂಬ್ರೇಶ, ಇಳಿದು ಬಂದ:
"ಸೈರನ್ ತೆಗೀರಿ ಅಣ್ಣಾ, ಮಾವಗ ಕೇಳ್ಸೂದಿಲ್ಲ.
ಫ್ಯಾಕ್ಟ್ರಿ ಮುಂದ ರಾತ್ರಿಯೆಲ್ಲ ಲೈನ್ ಇರ್ತದ.
ನಂಬರ್ ಕೂಗ್ತಾರ, ಹಿಂದಿನವ್ರು ಹಾರ್ನ್ ಹೊಡೀತಾರ,
ಬೈತಾರ, ಒಮ್ಮೆ ಕಲ್ಲೂ ಒಗದಾರ.
ಈಗ ಕಾಲು ಹಿಡಿದು ಜಗ್ಗಿ ನಾ ಎಬ್ಬಸ್ತೀನಿ.
ಜೂನಿಗೆ ನನ್ನ ಸಾಲಿ ಸುರು.
ಒಂದು ರಿಮೋಟು ಟೋಕನ್ ಬರಿಯೂ ತುಳಜಾಬಾಯಿ ಕಡೆ ಇಡ್ತೀವಿ.
ಆಕಿ ಹೂಂ ಅಂದಾಳ."

ಮತ್ತ ಸುರುವಿನಿಂದ ಹೇಳಿದೆ.
ಈ ಸಲ ಮುಖ ಅವನ ಕಡೆ ತಿರುಗಿಸಿ, ಸಾವಕಾಶ:

ಗುಂಡಿಯಿಂದ ಬರೂದು ಕೂದಲೆಳಿಯಷ್ಟು ಮೈನಸ್ಸು.
ನೇರ ಮೋಟರಿಗೆ ಕೊಟ್ರ ಪೆಟಗಿ ಸುಟ್ಟ ವಾಸನಿ ಬರ್ತದ.
ಅದಕ್ಕ ನಡುವ ಈ ರಿಲೇ, ಬೆಂಕಿಪೊಟ್ಟಣದಷ್ಟು.
ಎಂಬತ್ತೈದಕ್ಕ ನೀಲಿ ವೈರು,
ಎಂಬತ್ತಾರಕ್ಕ ಕನ್ವರ್ಟರಿನ ಕೆಂಪು,
ಮೂವತ್ತಕ್ಕ ಫ್ಯೂಸು ದಾಟಿ ಬಂದ ಲಾರಿಯ ಕೆಂಪು,
ಎಂಬತ್ತೇಳರಿಂದ ಮೋಟರಿಗೊಂದು, ತಲಿ ಮ್ಯಾಗಿನ ಬಲ್ಬಿಗೊಂದು.
ಇತ್ತ ಹನ್ನೆರಡು, ಅತ್ತ ಇಪ್ಪತ್ನಾಕು,
ಒಂದಕ್ಕೊಂದು ಮುಟ್ಟೂದೇ ಇಲ್ಲ.
ಸಣ್ಣದು ಕರೀತದ, ದೊಡ್ಡದು ಏಳ್ತದ.
ಟಕ್ ಅಂತದ, ಅಷ್ಟ.

ಟಕ್ ಅಂದದ್ದು ಆತಗ ಕೇಳಲಾರದು ಅಂತ
ನೆಪ್ಪಾಗಿ, ಅವನ ಬಟ್ಟು ಹಿಡಿದು
ರಿಲೇ ಮ್ಯಾಲ ಇಟ್ಟೆ. ಒತ್ತಿದೆ.
ಕಣ್ಣು ಅಗಲಾದವು.

ಸಂಜಿಗೆ ಹಲಗಿ ಮ್ಯಾಲ ಮಲಗಿ ಕಣ್ಣು ಮುಚ್ಚಿದ.
ಹುಡುಗ ಬೇವಿನ ಗಿಡದ ತನಕ ನಡದು ಹೋಗಿ ಒತ್ತಿದ.
ಬಲ್ಬು ಹತ್ತಿತು. ಹಲಗಿ ಗಡಗಡ ನಡುಗಿತು.
ಸೊಟ್ಟ ತೋಳಿನ ಮೋಟರು
ಅವನ ಬೆನ್ನಿಗೆ ಗುದ್ದೇ ಗುದ್ದಿತು.
ಎದ್ದು ಕುಂತು, ತಲಿ ಛತ್ತಿಗೆ ಬಡಿಸ್ಕೊಂಡು,
"ಇನ್ನೊಮ್ಮೆ!" ಅಂದ.

ಏಳು ಸಲ ಮಲಗಿದ. ಏಳು ಸಲ ಎದ್ದ.

ಸೈರನ್ನು ನನ್ನ ಅಂಗಡ್ಯಾಗ ಉಳದದ.
ಹೊಸಾದು, ಡಬ್ಬಿ ಸಮೇತ.
ಯಾರಿಗರ ಬೇಕಂದ್ರ ಹೇಳ್ರಿ.