ಐದನೇ ಸರದಿ

ಶನಿವಾರ ಸಂಜೆ ಆಟಗಾರರ ಹಂಚಿಕೆ.
ಎಂಟು ತಂಡ, ನಮ್ಮದು ಐದನೇ ಸರದಿ.
ನನ್ನ ಬ್ಯಾಟರಿ ಅಂಗಡಿಯ ಬಿಲ್ಲಿನ ಬೆನ್ನಿಗೆ
ಬರೆದಿಟ್ಟಿದ್ದೇನೆ ನಮಗೇನು ಬೇಕೆಂದು:

ಗೋಲಿಗೆ ನಿಲ್ಲುವವನು. ಅರುಳಪ್ಪನ ಹೆಬ್ಬೆರಳು ಇನ್ನೂ ಕೂಡಿಲ್ಲ,
ಕೂಡಿದೆ ಅಂತಾನೆ, ಟೀ ಲೋಟ ಎಡಗೈಲಿ ಹಿಡೀತಾನೆ.
ಎಡಬದಿಗೊಬ್ಬ, ಸಂಜೆ ಊರಲ್ಲಿರುವವನು;
ಈಗಿರುವವನು ಮಾರಿಕುಪ್ಪಂನಲ್ಲಿ ಇಳಿಯುವುದೇ ಒಂಬತ್ತರ ರೈಲಿಗೆ.
ನಡುವೆ, ಬಾಯಿರುವವನು, ಕೂಗಿ ಕರೆಯುವವನು.
ನಮ್ಮ ಹುಡುಗರು ಪರೀಕ್ಷೆ ಬರೆಯುವವರಂತೆ ಆಡುತ್ತಾರೆ,
ತುಟಿ ಬಿಗಿದು.

ಹೋದ ವರ್ಷ ಹನ್ನೊಂದು ಪಂದ್ಯ, ನಾಲ್ಕು ಗೋಲು.
ಅದರಲ್ಲೊಂದು ಎದುರಾಳಿಯೇ ಹೊಡೆದುಕೊಂಡಿದ್ದು.

"ಏನಣ್ಣ, ಯಾರ ಮೇಲೆ ಕಣ್ಣು?" ಕೇಳಿದ
ಚಾಂಪಿಯನ್ ರೀಫಿನ ಮ್ಯಾನೇಜರು ದೈವಮಣಿ.
"ಒಬ್ಬ ಕೀಪರ್ ಸಿಕ್ಕರೆ ಸಾಕಪ್ಪ" ಅಂದೆ.
ಸುಳ್ಳೇನಲ್ಲ. ನಿಜವೂ ಅಲ್ಲ.

ಸೈನೈಡ್ ದಿಬ್ಬದ ಕೆಳಗೆ, ಬೂದಿಬಣ್ಣದ ಗಾಳಿಯಲ್ಲಿ
ಬರಿಗಾಲಲ್ಲಿ ಆಡುವವನೊಬ್ಬನಿದ್ದಾನೆ.
ಚೆಂಡು ಅವನ ಬಳಿ ಬಂದರೆ
ಅವಸರ ಮರೆತು ಕೂರುತ್ತದೆ, ಬೆಕ್ಕಿನ ಹಾಗೆ.
ಹೆಸರು ಕೊಟ್ಟವರ ಪಟ್ಟಿಯಲ್ಲಿ ಕೊನೆಯವನು.
ಬಿಲ್ಲಿನ ಮೇಲೆ ಅವನಿಲ್ಲ.
ಹೆಂಡತಿಗೂ ಹೇಳಿಲ್ಲ, ಅವಳಣ್ಣ
ಆಂಡರ್‌ಸನ್‌ಪೇಟೆ ತಂಡದ ಖಜಾಂಚಿ.
ಆರನೇ ನಂಬರಿನ ಬೂಟು ಕೂಡ
ರಾಬರ್ಟ್‌ಸನ್‌ಪೇಟೆ ಬಿಟ್ಟು ಬಂಗಾರಪೇಟೆಯಲ್ಲಿ ಕೊಂಡೆ.

ನಾಲ್ಕು ಬಾಯಿ ನನಗಿಂತ ಮುಂಚೆ ತೆರೆಯುತ್ತವೆ.
ನಾಲ್ಕರಲ್ಲೂ ಬೇರೆ ಹೆಸರು ಬರಲಿ.

ಬೂಟು ಅಂಗಡಿಯಲ್ಲೇ ಇದೆ, ಸತ್ತ ಬ್ಯಾಟರಿಗಳ ಹಿಂದೆ.
ನಿನ್ನೆ ಷಟರ್ ಅರ್ಧ ಎಳೆದು
ಒಮ್ಮೆ ಕಾಲು ತೂರಿಸಿ ನೋಡಿದೆ.
ಹಿಮ್ಮಡಿ ಹೊರಗೇ ಉಳಿಯಿತು.