ಷೋ ಆಗಿದೆ

ಗನೆಡಾದಲ್ಲಿ ವರ್ಷಕ್ಕೊಮ್ಮೆ ಷೋ.
ಆಸ್ಪತ್ರೆಯ ಗೋಡೆಗೂ ಅಂಟಿಸಿದ್ದರು:
ಕೊಬ್ಬಿದ ಹೋರಿ, ಕೊರಳಿಗೆ ನೀಲಿ ಪಟ್ಟಿ,
ಶುಕ್ರವಾರ ಊರಿಗೆಲ್ಲ ರಜೆ.
ಫೋನ್ ಕಾಯುವ ಹೊಸಬಳಿಗಲ್ಲ.

ಆರು ವಾರವಾಗಿತ್ತು ನಾನು ಬಂದು.
ಇಲ್ಲಿಯವರ ಮಾತು ಇನ್ನೂ ಕಿವಿಗೆ ಹತ್ತಿರಲಿಲ್ಲ,
ಬಾಯಿ ತೆರೆಯುವುದೇ ಇಲ್ಲ ಇವರು,
ನೊಣ ಹೊಕ್ಕೀತೆಂದು.

ನಸುಕಿನ ನಾಲ್ಕೂವರೆಗೆ ಫೋನು.
"ಬ್ರಾನ್ವಿನ್ ಹಾರ್ಟಿಗನ್. ಮೂವತ್ತೆಂಟು ವಾರ.
ಷೋ ಆಗಿದೆ ನನಗೆ."
"ಷೋ ಒಂಬತ್ತಕ್ಕಲ್ಲವೇ ಮೇಡಂ?" ಅಂದೆ.
ಆ ಕಡೆ ಮೌನ.
ದೂರದಲ್ಲೊಂದು ನಾಯಿ ಬೊಗಳಿತು.

ಸೂಲಗಿತ್ತಿ ನೊರೀನ್ ಫೋನು ಕಸಿದುಕೊಂಡಳು.
ಆಮೇಲೆ ಚಹಾ ಕೊಟ್ಟು ತಿಳಿಸಿ ಹೇಳಿದಳು:
ಬಸುರಿನ ಬಾಯಿಗೆ ಒಂದು ಬಿರಡೆ ಇರುತ್ತದಂತೆ,
ಅದು ಕಳಚಿದರೆ ಒಂದು ಚಮಚೆ ಲೋಳೆ,
ರಕ್ತದ ಒಂದು ಎಳೆ.
ಅಷ್ಟಕ್ಕೇ ಷೋ ಅನ್ನುತ್ತಾರೆ.

ಷೋ ಅಂದರೆ ನನಗೆ ಅಪ್ಪ.
ಗದಗಿನ ಟಾಕೀಸಿನ ಗೇಟಿನಲ್ಲಿ ನಿಂತು
ಟಿಕೀಟು ಹರಿಯುತ್ತಿದ್ದ, ಅರ್ಧ ಅವರಿಗೆ, ಅರ್ಧ ಡಬ್ಬಿಗೆ.
ಮನೆಯಲ್ಲಿ ಗಡಿಯಾರ ಇರಲಿಲ್ಲ.
ಫಸ್ಟ್ ಷೋ ಬಿಟ್ಟರೆ ನಮ್ಮ ಊಟ,
ಸೆಕೆಂಡ್ ಷೋ ಬಿಟ್ಟರೆ ಅವನದು.
ಅವ್ವನ ಬಾಯಲ್ಲಿ ಅದೇ ಮಾತು ಬೈಗುಳ:
"ಭಾಳ ಷೋ ಮಾಡ್ತಾಳ ಬಿಡು ಆಕಿ."
ದೊಡ್ಡಮ್ಮನ ಗಾಜಿನ ಕಪಾಟಿಗೆ ಷೋಕೇಸು ಅಂತಿದ್ದೆವು,
ಅದರೊಳಗೆ ಯಾರ ತುಟಿಯೂ ಕಾಣದ ಆರು ಕಪ್ಪು.

ಕೆಲಸ ಮುಗಿಸಿ ಅವತ್ತು ನಾನೂ ಹೋದೆ.
ತಗಡಿನ ಚಪ್ಪರದಲ್ಲಿ
ಹೋರಿಯ ಬಾಲಕ್ಕೆ ಯಾರೋ ಹೇರ್ ಡ್ರೈಯರ್ ಹಿಡಿದಿದ್ದರು.
ಯಾರ ಸಾರಿಗೂ ಬೀಳದ ಕುಂಬಳಕಾಯಿ
ಚಕ್ಕಡಿಯ ಗಾಲಿಯಷ್ಟು ದಪ್ಪ.
ಟೋಪಿಯ ಮುದುಕನೊಬ್ಬ
ಟಗರಿನ ಬೆನ್ನಿಗೆ ಐದೂ ಬೆರಳು ಊರಿ
ಕಣ್ಣು ಮುಚ್ಚಿ ಉಣ್ಣೆ ನೋಡುತ್ತಿದ್ದ.
ನನಗೆ ವೀಸಾದ ದಿನಗಳು ನೆನಪಾದವು:
ಎದೆಯ ಎಕ್ಸರೇ ತೋರಿಸಿದ್ದು, ಪಾಸ್‌ಬುಕ್ ತೋರಿಸಿದ್ದು,
ಮದುವೆಯ ಫೋಟೋದಲ್ಲಿ ಇವರ ಪಕ್ಕ ನಿಂತವಳು
ನಾನೇ ಎಂದು ತೋರಿಸಿದ್ದು.
ಒಂದು ಕೇಕಿನ ಮುಂದೆ ಚೀಟಿ ಇತ್ತು:
"ರುಚಿ ಚೆನ್ನಾಗಿದೆ. ಅಂಚು ಕಂದಿದೆ. ಮೂರನೆಯದು."
ಮಾಡಿದವಳು ಪಕ್ಕದಲ್ಲೇ ನಿಂತಿದ್ದಳು,
ಯಾರೂ ಅಲ್ಲ ಎಂಬಂತೆ.

ನಮ್ಮಲ್ಲೂ ಇದೆಯಲ್ಲ, ಬಸ್ಸಿನಲ್ಲಿ ಹೊಳೆಯಿತು.
ನೋವು ಬಂತು ಅನ್ನುವುದಿಲ್ಲ ಅವ್ವ,
"ಕಾಣಿಸಿಕೊಂಡಾವೇನು?" ಅಂತ ಕೇಳುತ್ತಾಳೆ,
ಪರದೆಯ ಹಿಂದೆ ಅವು ಮೊದಲೇ ಬಂದು ಕೂತಿದ್ದವೋ ಎಂಬಂತೆ.

ನನಗೂ ಕಾಣಿಸಿಕೊಂಡಿತ್ತು ಒಮ್ಮೆ.
ಹನ್ನೊಂದನೆಯ ವಾರ.
ಅವ್ವ ಏನೂ ಕೇಳಲಿಲ್ಲ,
ಹಳೆಯ ಸೀರೆಯೊಂದನ್ನು
ಅಪ್ಪನ ಹಾಗೆ ಸರಕ್ಕನೆ ನಡುವೆ ಹರಿದು ಕೊಟ್ಟಳು.

ಈಗ ನನ್ನ ಕಂಪ್ಯೂಟರಿನಲ್ಲಿ ಒಂದು ಕಾಲಂ ಇದೆ,
ದಿನ ಗೊತ್ತಾಗಿಯೂ ಬಾರದವರ ಹೆಸರಿನ ಮುಂದೆ
"ನೋ ಷೋ" ಎಂದು ಒತ್ತುತ್ತೇನೆ.
ಕಾರಣಕ್ಕೆ ಅಲ್ಲಿ ಜಾಗವಿಲ್ಲ.

ಸೋಮವಾರ ಬ್ರಾನ್ವಿನ್ ಮನೆಗೆ ಹೊರಟಳು.
ಕಾಗದಕ್ಕೆ ಸಹಿ ಹಾಕಿ ನನ್ನ ದನಿ ಗುರುತಿಸಿದಳು:
"ಒಂಬತ್ತು ಗಂಟೆಯವಳು ನೀನೇನಾ?"
ಹೊಟ್ಟೆ ಹಿಡಿದು ನಕ್ಕಳು, ಹೊಲಿಗೆ ನೋವಾಗಿ ನಿಲ್ಲಿಸಿದಳು.
ಕೌಂಟರಿನ ಮೇಲೆ ಕಂಬಳಿಯ ತುದಿ ಸರಿಸಿ
ತೋರಿಸಿದಳು.
ಕೆಂಪಗೆ, ಮುದುಡಿಕೊಂಡು,
ಯಾರಿಗೂ ಏನೂ ತೋರಿಸಬೇಕಿಲ್ಲದ ಮುಖ.

ಮುಚ್ಚು ಮಾರಾಯ್ತಿ, ದೃಷ್ಟಿಯಾದೀತು,
ಕನ್ನಡದಲ್ಲೇ ಅಂದುಬಿಟ್ಟೆ. ಗಾಜಿನ ಕಿಂಡಿಯಿಂದ
ಎರಡೂ ಕೈ ಚಾಚಿ, ನಿವಾಳಿಸಿ,
ಕಪಾಲಕ್ಕೆ ಒತ್ತಿ ಲಟಿಗೆ ಮುರಿದೆ,
ಹತ್ತೂ ಬೆರಳು.

ಬೆಚ್ಚಿಬಿದ್ದಳು ಬ್ರಾನ್ವಿನ್:
"ಮುರಿದವಾ?"
ಇಲ್ಲ ಅಂದೆ.